35 ಸಾವಿರದ ಸ್ಕಾಲರ್‌ಶಿಪ್, 24 ಸಾವಿರದ್ದು, ಇಲ್ಲಾ ಏನೂ ಇಲ್ಲದ ಸೀಟು: ಮಗಳನ್ನ ಯಾವ ಎಂಜಿನಿಯರಿಂಗ್ ಕಾಲೇಜಿಗೆ ಸೇರಿಸಲಿ?

ಹೇಮಾವತಿ ದಂಡೆ:

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಮಕ್ಕಳನ್ನ ಎಂಜಿನಿಯರಿಂಗ್‌ಗೆ ಸೇರಿಸಿರೋರು ದಯವಿಟ್ಟು ಸಲಹೆ ಕೊಡಿ. ಮಗಳು ಹೈಸ್ಕೂಲ್ ಕೊನೇ ವರ್ಷದಲ್ಲಿದ್ದಾಳೆ. ಮೆಕ್ಯಾನಿಕಲ್ಲೇ ಬೇಕು ಅಂತಾಳೆ, ಅದರಲ್ಲಿ ಎರಡು ಮಾತಿಲ್ಲ. ಶಾಲೆಯ ರೋಬಾಟಿಕ್ಸ್ ತಂಡದಲ್ಲಿ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸೋಕೆ ಕೂತರೆ ಊಟಕ್ಕೆ ಕರೆದರೂ ಬರಲ್ಲ. ಮೇ 1ರೊಳಗೆ ಯಾವ ಕಾಲೇಜು ಅಂತ ತಿಳಿಸಿ ಡೆಪಾಸಿಟ್ ಕಟ್ಟಬೇಕು. ಮೂರು ಉಳಿದಿವೆ.

ಒಂದನೇದು ನಮ್ಮ ರಾಜ್ಯದ ದೊಡ್ಡ ಪಬ್ಲಿಕ್ ಯೂನಿವರ್ಸಿಟಿ. ನೇರವಾಗಿ ಮೆಕ್ಯಾನಿಕಲ್ ವಿಭಾಗಕ್ಕೇ ಸೀಟು ಕೊಟ್ಟಿದ್ದಾರೆ. ಸ್ಕಾಲರ್‌ಶಿಪ್ ಒಂದು ಪೈಸೆಯೂ ಇಲ್ಲ. ಇನ್-ಸ್ಟೇಟ್ ಫೀಸು (ಅದೇ ರಾಜ್ಯದವರಿಗೆ ಇರೋ ಕಡಿಮೆ ಫೀಸು), ಹಾಸ್ಟೆಲು, ಊಟ ಎಲ್ಲ ಸೇರಿ ವರ್ಷಕ್ಕೆ 38,000 ಡಾಲರ್.

ಎರಡನೇದು ಪಕ್ಕದ ರಾಜ್ಯದ ಪಬ್ಲಿಕ್. ಒಟ್ಟು ಖರ್ಚು 56,000, ಮೆರಿಟ್ ಸ್ಕಾಲರ್‌ಶಿಪ್ 24,000. ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕೋ ಗ್ರೇಡುಗಳ ಸರಾಸರಿ, 3.0 ಉಳಿಸಿಕೊಂಡರೆ ನಾಲ್ಕು ವರ್ಷ ಬರುತ್ತೆ. ಆದರೆ ಮೊದಲ ವರ್ಷ ಎಲ್ಲರಿಗೂ ಸಾಮಾನ್ಯ ಎಂಜಿನಿಯರಿಂಗ್, ವಿಭಾಗ ಆಮೇಲೆ.

ಮೂರನೇದು ಹೆಸರುವಾಸಿ ಪ್ರೈವೇಟ್. ಖರ್ಚು 86,000, ಸ್ಕಾಲರ್‌ಶಿಪ್ 35,000, ಜಿಪಿಎ 3.2 ಬೇಕು. ಡೀನ್ ಸಹಿ ಇರೋ ಕಾಗದವನ್ನ ದಪ್ಪ ಫೋಲ್ಡರಿನಲ್ಲಿ ಇಟ್ಟು ಕಳಿಸಿದ್ದರು. ನನ್ನ ಹೆಂಡತಿಗೆ ಅದರ ಮೇಲೇ ಮನಸ್ಸು. "ಅಷ್ಟು ದೊಡ್ಡ ಕಾಲೇಜು ಇವಳನ್ನ ಗುರುತಿಸಿ 35 ಸಾವಿರ ಕೊಡ್ತಿದೆ, ಬೇಡ ಅನ್ನೋದು ಹೇಗೆ" ಅಂತಾಳೆ. ಅದರಲ್ಲೂ ನ್ಯಾಯ ಇದೆ ಅನ್ನಿಸುತ್ತೆ.

ನಾಲ್ಕು ವರ್ಷಕ್ಕೆ ಗುಣಿಸಿದರೆ 1,52,000, 1,28,000, 2,04,000. ಲೆಕ್ಕದ ಪ್ರಕಾರ ಎರಡನೇದೇ ಗೆಲ್ಲುತ್ತೆ. ನಾನು ಕಾಣದೇ ಬಿಟ್ಟಿದ್ದು ಏನಾದರೂ ಇದೆಯಾ? ನಾವು ಗ್ರೀನ್ ಕಾರ್ಡ್ ಸಾಲಿನಲ್ಲಿ ಇದ್ದೀವಿ, ಮಗಳು ಎಚ್-4 (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡೋ ವೀಸಾ). ಆಗಸ್ಟ್‌ನಲ್ಲಿ 18 ತುಂಬುತ್ತೆ.


ಶರಾವತಿ ಮೇಡಮ್:

ನಾನು ಇಲ್ಲಿ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಾಠ ಮಾಡ್ತೀನಿ. ಮೊದಲೆರಡು ವರ್ಷದ ಮಕ್ಕಳಿಗೆ ಸ್ಟ್ಯಾಟಿಕ್ಸ್, ಡೈನಾಮಿಕ್ಸ್. ಸ್ಕಾಲರ್‌ಶಿಪ್ ಹೋಯಿತು ಅಂತ ಕಣ್ಣು ಒದ್ದೆ ಮಾಡಿಕೊಂಡು ಬರೋ ಮಕ್ಕಳು ಕೂರೋದು ನನ್ನ ಆಫೀಸಿನ ಕುರ್ಚಿಯಲ್ಲೇ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ತಾಳ್ಮೆಯಿಂದ ಓದಿ.

ನಿಮ್ಮ ಗುಣಾಕಾರ ಸರಿ ಇದೆ, ಆದರೆ ಫೀಸು ನಾಲ್ಕು ವರ್ಷ ಒಂದೇ ಕಡೆ ನಿಲ್ಲಲ್ಲ. ಪರ್ಡ್ಯೂ ಯೂನಿವರ್ಸಿಟಿ 2013ರಲ್ಲಿ ಟ್ಯೂಶನ್ ಏರಿಸೋದನ್ನ ನಿಲ್ಲಿಸಿ ಹತ್ತು ವರ್ಷಕ್ಕೂ ಮೀರಿ ಹಾಗೇ ಹಿಡಿದಿಟ್ಟಿದೆ. ಅಂಥವು ಅಪರೂಪ. ಸುಮ್ಮನೆ ಅಂದಾಜಿಗೆ ವರ್ಷಕ್ಕೆ ನೂರಕ್ಕೆ ನಾಲ್ಕು ಏರುತ್ತೆ ಅಂತ ಇಟ್ಟುಕೊಳ್ಳಿ. ಸ್ಕಾಲರ್‌ಶಿಪ್ ಮೊತ್ತ ಮಾತ್ರ ಮೊದಲ ದಿನ ಕಾಗದದಲ್ಲಿ ಎಷ್ಟು ಬರೆದಿದೆಯೋ ಅಷ್ಟೇ. ಆಗ ಒಂದನೇದು ಸುಮಾರು 1,61,000 ಆಗುತ್ತೆ, ಎರಡನೇದು 1,42,000, ಮೂರನೇದು 2,25,000. ಒಂದಕ್ಕೂ ಎರಡಕ್ಕೂ ನಡುವೆ 24 ಸಾವಿರ ಇದ್ದ ಅಂತರ 19 ಸಾವಿರದ ಆಸುಪಾಸಿಗೆ ಇಳೀತು. ಇನ್ನು, ಮೊದಲ ವರ್ಷ ಮುಗಿಯೋ ಹೊತ್ತಿಗೆ ಜಿಪಿಎ 2.9 ಆಗಿ ಎರಡನೇದರ ಸ್ಕಾಲರ್‌ಶಿಪ್ ನಿಂತುಹೋಯಿತು ಅನ್ನಿ. ಒಟ್ಟು ಖರ್ಚು 2,14,000ಕ್ಕೆ ಹೋಗುತ್ತೆ. ನೀವು ತೂಗಬೇಕಾಗಿರೋದು 1,42,000 ಮತ್ತು 2,14,000ದ ನಡುವಿನ ಈ ಅಪಾಯವನ್ನ. ಕಾಗದದ ಮೇಲಿನ 24 ಮತ್ತು 35ರ ನಡುವಿನ ವ್ಯತ್ಯಾಸವನ್ನ ಅಲ್ಲ.

"3.0 ತಾನೇ, ನಮ್ಮ ಹುಡುಗಿಗೆ ಹೈಸ್ಕೂಲಿನಲ್ಲಿ 4.0 ಇದೆ" ಅಂತ ಪ್ರತಿ ತಂದೆತಾಯಿಯೂ ಅಂತಾರೆ. ಕ್ಯಾಲ್ಕುಲಸ್-2, ಫಿಸಿಕ್ಸ್, ಕೆಮಿಸ್ಟ್ರಿ ಮೂರೂ ಒಂದೇ ಸೆಮಿಸ್ಟರಿನಲ್ಲಿ ಬಂದಾಗ ಒಳ್ಳೆಯ ಮಕ್ಕಳೂ ಬಿ ಮೈನಸ್ ತಗೋತಾರೆ. ಬಿ ಮೈನಸ್ ಅಂದರೆ ಬಹಳ ಕಡೆ 2.7. ಅವರು ದಡ್ಡರಲ್ಲ. ಮನೆ ಬಿಟ್ಟು ಬಂದ ಮೊದಲ ವರ್ಷ, ಓದೋ ರೀತಿಯೇ ಬದಲಾಗಿರುತ್ತೆ. ಮೂರನೇ ವರ್ಷಕ್ಕೆ ಬಂದಾಗ ಅದೇ ಮಕ್ಕಳು ಚೆನ್ನಾಗಿ ಚೇತರಿಸಿಕೊಂಡಿರ್ತಾರೆ, ಆದರೆ ಅಷ್ಟರಲ್ಲಿ ಹಣ ಹೋಗಿರುತ್ತೆ.

ಇಲ್ಲಿ ಎಪಿ, ಅಂದರೆ ಹೈಸ್ಕೂಲಿನಲ್ಲೇ ಬರೆಯೋ ಕಾಲೇಜು ಮಟ್ಟದ ಪರೀಕ್ಷೆಗಳ ವಿಷಯ ಹೇಳಲೇಬೇಕು, ಇದನ್ನ ಬಹಳ ಜನ ಗಮನಿಸಲ್ಲ. ನಿಮ್ಮ ಮಗಳು ಎಪಿ ಕ್ಯಾಲ್ಕುಲಸ್, ಎಪಿ ಕೆಮಿಸ್ಟ್ರಿ ಮಾಡಿದ್ದರೆ ಕಾಲೇಜು ಅದಕ್ಕೆ ಕ್ರೆಡಿಟ್ (ಆ ವಿಷಯ ಓದಿ ಮುಗಿಸಿದ ಲೆಕ್ಕ) ಕೊಡುತ್ತೆ, ಗ್ರೇಡ್ ಕೊಡಲ್ಲ. ಆ ಕ್ರೆಡಿಟ್ ಜಿಪಿಎ ಲೆಕ್ಕಕ್ಕೆ ಬರೋದೇ ಇಲ್ಲ. ಅಂದರೆ ಅವಳಿಗೆ ಸುಲಭವಾಗಿ ಎ ಬರ್ತಿದ್ದ ವಿಷಯಗಳು ಪಟ್ಟಿಯಿಂದ ಹೊರಗೆ ಹೋಗಿ, ಮೊದಲ ಸೆಮಿಸ್ಟರಿನಲ್ಲೇ ಕ್ಯಾಲ್ಕುಲಸ್-3, ಅದರ ಜೊತೆ ಮೆಕ್ಯಾನಿಕ್ಸ್ ಬರುತ್ತೆ. ಆಸರೆಗೆ ಬೇರೆ ಗ್ರೇಡ್ ಇರಲ್ಲ. ಜಾಣ ಮಕ್ಕಳೇ ಸ್ಕಾಲರ್‌ಶಿಪ್ ಗೆರೆಯ ಹತ್ತಿರ ಬಂದು ನಿಲ್ಲೋದಕ್ಕೆ ಇದೂ ಒಂದು ಕಾರಣ. ಒಂದೆರಡು ಎಪಿ ಕ್ರೆಡಿಟ್ ಬಿಟ್ಟುಕೊಟ್ಟು ಕ್ಯಾಲ್ಕುಲಸ್-2 ಇಲ್ಲೇ ಕೂತು ಓದು ಅಂತ ನಾನು ಎಷ್ಟೋ ಮಕ್ಕಳಿಗೆ ಹೇಳಿದ್ದೀನಿ.

ಆದ್ದರಿಂದ ಎರಡನೇ ಮತ್ತು ಮೂರನೇ ಕಾಲೇಜಿಗೆ ಇವತ್ತೇ ಇಮೇಲ್ ಬರೀರಿ. ಫೋನ್ ಬೇಡ. ಜಿಪಿಎ ನೋಡೋದು ಪ್ರತಿ ಸೆಮಿಸ್ಟರೋ, ವರ್ಷದ ಕೊನೆಗೋ? ಆ ಅವಧಿಯದ್ದು ಮಾತ್ರವೋ, ಅಲ್ಲಿಯವರೆಗಿನ ಒಟ್ಟು ಸರಾಸರಿಯೋ? ಕೆಳಗೆ ಬಿದ್ದರೆ ಒಂದು ಸೆಮಿಸ್ಟರ್ ಅವಕಾಶ ಇದೆಯೋ, ಬೇಸಿಗೆಯಲ್ಲಿ ಒಂದು ವಿಷಯ ಓದಿ ಸರಿಪಡಿಸಿಕೊಳ್ಳಬಹುದೋ? ಒಮ್ಮೆ ಹೋದದ್ದು ಮತ್ತೆ ಸಿಗುತ್ತಾ? ಸೆಮಿಸ್ಟರಿಗೆ ಕನಿಷ್ಠ ಎಷ್ಟು ಕ್ರೆಡಿಟ್ ಇರಬೇಕು? ಈ ಕೊನೇದು ಸಣ್ಣದು ಅನ್ನಿಸಬಹುದು. ಒಂದು ವಿಷಯ ಕೈಮೀರಿ ಹೋಗ್ತಿದೆ, ಡ್ರಾಪ್ ಮಾಡೋದೇ ಒಳ್ಳೇದು ಅಂತ ಗೊತ್ತಿದ್ದರೂ, ಕ್ರೆಡಿಟ್ ಕಡಿಮೆಯಾಗಿ ಸ್ಕಾಲರ್‌ಶಿಪ್ ಹೋದರೆ ಅನ್ನೋ ಹೆದರಿಕೆಯಿಂದ ಹಿಡಿದುಕೊಂಡು ಕೂತು, ಕೊನೆಗೆ ಡಿ ತಗೊಂಡ ಮಕ್ಕಳನ್ನ ಕಂಡಿದ್ದೀನಿ. ನೋಡೋಕೆ ಸಂಕಟ ಆಗುತ್ತೆ.

ವಿಭಾಗದ ಪ್ರಶ್ನೆಯೂ ಹಣದ ಪ್ರಶ್ನೆಯೇ. ಮೊದಲ ವರ್ಷ ಸಾಮಾನ್ಯ ಎಂಜಿನಿಯರಿಂಗ್ ಅನ್ನೋ ಪದ್ಧತಿ ಪರ್ಡ್ಯೂ, ಟೆಕ್ಸಸ್ ಎ ಅಂಡ್ ಎಂ ಥರದ ದೊಡ್ಡ ಕಡೆಗಳಲ್ಲೂ ಇದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೇಳಿದ ವಿಭಾಗ ಸಿಗದೆ ಕಾಲೇಜು ಬದಲಿಸಬೇಕಾದರೆ ಸ್ಕಾಲರ್‌ಶಿಪ್ ಜೊತೆಗೆ ಬರಲ್ಲ. ಮೆಕ್ಯಾನಿಕಲ್ ಕೇಳಿದವರಲ್ಲಿ ಹೋದ ವರ್ಷ ಎಷ್ಟು ಜಿಪಿಎವರೆಗೆ ಸಿಕ್ಕಿತು ಅಂತ ವಿಭಾಗಕ್ಕೇ ಬರೆದು ಕೇಳಿ, ಹೇಳ್ತಾರೆ.

ನಿಮ್ಮ ಮನೆಯವರ ಮಾತಿಗೂ ಉತ್ತರ ಕೊಡ್ತೀನಿ, ಆ ಸಂತೋಷ ನನಗೆ ಅರ್ಥ ಆಗುತ್ತೆ. ಎಂಐಟಿ, ಐವಿ ಲೀಗ್ ಕಾಲೇಜುಗಳು ಮೆರಿಟ್ ಸ್ಕಾಲರ್‌ಶಿಪ್ ಕೊಡೋದೇ ಇಲ್ಲ, ಕುಟುಂಬದ ಆರ್ಥಿಕ ಸ್ಥಿತಿ ನೋಡಿ ಮಾತ್ರ ಸಹಾಯ ಮಾಡ್ತಾವೆ. ಮಿಕ್ಕ ಕಾಲೇಜುಗಳು ಒಳ್ಳೆಯ ಅಂಕದ ಮಕ್ಕಳನ್ನ ಸೆಳೆಯೋಕೆ ಬೆಲೆ ಇಳಿಸ್ತಾವೆ, ಅದಕ್ಕೆ ಮೆರಿಟ್ ಅನ್ನೋ ಹೆಸರು. ಬಹುತೇಕ ಕಾಲೇಜುಗಳು ಕಾಮನ್ ಡೇಟಾ ಸೆಟ್ ಅನ್ನೋ ದಾಖಲೆಯನ್ನ ಪ್ರಕಟಿಸ್ತಾವೆ. ಅದರ ಎಚ್2ಎ ಭಾಗ ತೆಗೆದು ನೋಡಿ. ಆರ್ಥಿಕ ಅಗತ್ಯ ಇಲ್ಲದಿದ್ದರೂ ಎಷ್ಟು ಮಕ್ಕಳಿಗೆ ಸ್ಕಾಲರ್‌ಶಿಪ್ ಸಿಕ್ಕಿದೆ, ಸರಾಸರಿ ಎಷ್ಟು ಅಂತ ಅಲ್ಲಿರುತ್ತೆ. ಬಹಳ ಮಂದಿಗೆ ಸಿಕ್ಕಿದ್ದರೆ 86,000 ಅನ್ನೋದು ಅಲ್ಲಿ ಬಹಳ ಮಂದಿ ಕಟ್ಟದ ಬೆಲೆ ಅಂತ ತಿಳೀರಿ. ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ. ಟೆಕ್ಸಸ್‌ನ ಕಾನೂನಿನಲ್ಲಿ, ಹೊರರಾಜ್ಯದ ವಿದ್ಯಾರ್ಥಿಗೆ ಅಲ್ಲಿನ ಪಬ್ಲಿಕ್ ಯೂನಿವರ್ಸಿಟಿಯಿಂದ ಸ್ಪರ್ಧೆಯಲ್ಲಿ ಗೆದ್ದ ಕನಿಷ್ಠ 1,000 ಡಾಲರಿನ ಸ್ಕಾಲರ್‌ಶಿಪ್ ಸಿಕ್ಕಿದರೆ ಇನ್-ಸ್ಟೇಟ್ ಫೀಸಿಗೆ ಅರ್ಹತೆ ಬರೋ ಅವಕಾಶ ಇದೆ. ಎಲ್ಲರಿಗೂ ಸಿಗಲ್ಲ, ಮಿತಿ ಇದೆ. ಸಿಕ್ಕಿದವರಿಗೆ ಆ ಸಾವಿರ ಡಾಲರಿನ ಕಾಗದ 20 ಸಾವಿರಕ್ಕಿಂತ ಹೆಚ್ಚು ಬೆಲೆ ಬಾಳಬಹುದು.

ನನ್ನ ಅಭಿಪ್ರಾಯ ಕೇಳಿದರೆ ಮೂರನೇದನ್ನ ಬಿಡಿ. ಬ್ಯಾಚಲರ್ಸ್ ಮೆಕ್ಯಾನಿಕಲ್‌ಗೆ, ಎಬೆಟ್ (ಎಂಜಿನಿಯರಿಂಗ್ ಪದವಿಗಳನ್ನ ಪರಿಶೀಲಿಸೋ ಸಂಸ್ಥೆ) ಮಾನ್ಯತೆ ಇರೋ ಕಡೆ, ಥರ್ಮೋಡೈನಾಮಿಕ್ಸೂ ಫ್ಲೂಯಿಡ್ಸೂ ಮೆಷಿನ್ ಡಿಸೈನೂ ಅವೇ. ಹೆಚ್ಚುವರಿ 60-80 ಸಾವಿರ ಕೊಡುವಷ್ಟು ವ್ಯತ್ಯಾಸ ನನಗೆ ಕಾಣಲ್ಲ. ಮೂರೂ ಕಡೆ ಮೆಕ್ಯಾನಿಕಲ್ ಪದವಿಗೇ ಎಬೆಟ್ ಮಾನ್ಯತೆ ಇದೆಯಾ ನೋಡಿಕೊಳ್ಳಿ. ಅವರು ಮಾನ್ಯತೆ ಕೊಡೋದು ಒಂದೊಂದು ಪದವಿಗೆ, ಇಡೀ ಕಾಲೇಜಿಗೆ ಅಲ್ಲ.


ನೇತ್ರಾವತಿ ತೀರ:

ಮೇಡಮ್ ಬರೆದಿದ್ದೆಲ್ಲ ಒಪ್ಪಿದೆ. ಆದರೆ ನಿಮ್ಮ ಪ್ರಶ್ನೆಯ ಕೊನೇ ಸಾಲು ನೋಡಿ ನಿಲ್ಲಿಸಿಬಿಟ್ಟೆ. ಎಚ್-4, ಆಗಸ್ಟ್‌ನಲ್ಲಿ 18. ಅಂದರೆ ನಾಲ್ಕನೇ ವರ್ಷ ಶುರುವಾಗೋ ಹೊತ್ತಿಗೆ 21. ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ಅವಳು ಎಚ್-4ನಲ್ಲಿ ಇರೋ ಹಾಗಿಲ್ಲ, ಎಫ್-1 ಅನ್ನೋ ವಿದ್ಯಾರ್ಥಿ ವೀಸಾಗೆ ಹೋಗಬೇಕು. ಮಕ್ಕಳ ವಯಸ್ಸು ಲೆಕ್ಕ ಹಾಕೋ ಸಿಎಸ್‌ಪಿಎ ಕಾನೂನಿನಲ್ಲಿ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕೋ ಅರ್ಜಿ) ಬಾಕಿ ಇದ್ದ ಅವಧಿಯನ್ನ ವಯಸ್ಸಿನಿಂದ ಕಳೀತಾರೆ, ಆದರೆ ಅದು ಗ್ರೀನ್ ಕಾರ್ಡ್ ಲೆಕ್ಕಕ್ಕೆ ಮಾತ್ರ. ಎಚ್-4 ಮುಗಿಯೋದು ಹುಟ್ಟಿದ ದಿನಾಂಕ ನೋಡಿಯೇ. ನಮ್ಮ ಮಗನಿಗೆ ಇದೇ ಆಯಿತು.

ಇದರಿಂದ ನಿಮ್ಮ ಮೂರು ಲೆಕ್ಕವೂ ಬದಲಾಗುತ್ತೆ. ಹಲವು ರಾಜ್ಯಗಳಲ್ಲಿ ಎಫ್-1 ಮಕ್ಕಳನ್ನ ಆ ರಾಜ್ಯದವರು ಅಂತ ಎಣಿಸಲ್ಲ. ಒಂದನೇ ಕಾಲೇಜಿನಲ್ಲಿ ಈಗ ಇರೋ ಇನ್-ಸ್ಟೇಟ್ ಫೀಸು ನಾಲ್ಕನೇ ವರ್ಷ ಉಳಿಯುತ್ತಾ? ರಿಜಿಸ್ಟ್ರಾರ್ ಆಫೀಸಿಗೆ ಕೇಳಿ. ಎರಡನೇ ಕಾಲೇಜಿನಲ್ಲಿ ಮೊದಲ ದಿನದಿಂದಲೇ ಹೊರರಾಜ್ಯದ ಫೀಸು ಕಟ್ತಿರ್ತೀರಿ, ಹಾಗಾಗಿ ಆ ಹೊಡೆತ ಇಲ್ಲ. ಆದರೆ ವೀಸಾ ಬದಲಾದ ಮೇಲೂ ಸ್ಕಾಲರ್‌ಶಿಪ್ ಮುಂದುವರಿಯುತ್ತಾ, ಅಥವಾ ಅಂತರರಾಷ್ಟ್ರೀಯ ವಿದ್ಯಾರ್ಥಿ ಅಂತ ಬೇರೆ ಪಟ್ಟಿಗೆ ಹಾಕ್ತಾರಾ, ಅದನ್ನ ಕೇಳಿ.

ಮೂರನೇ ಕಾಲೇಜಿಗೆ ಬಂದರೆ, ಎಚ್-4 ಮಕ್ಕಳಿಗೆ ಫೆಡರಲ್ ಸ್ಟೂಡೆಂಟ್ ಲೋನ್ ಸಿಗಲ್ಲ. ವರ್ಷಕ್ಕೆ 51 ಸಾವಿರ ಕೈಯಿಂದ ಬರಬೇಕು, ಇಲ್ಲಾ ಬ್ಯಾಂಕಿನ ಸಾಲ, ಅದಕ್ಕೂ ಜಾಮೀನಿಗೆ ಜನ ಬೇಕು.

ಇನ್ನೊಂದು ವಿಷಯ ಕಾಲೇಜಿನವರು ತಾವಾಗಿ ಹೇಳಲ್ಲ. ಎಚ್-4 ಮಕ್ಕಳು ಸಂಬಳ ತಗೊಂಡು ಕೆಲಸ ಮಾಡೋ ಹಾಗಿಲ್ಲ. ಬೇಸಿಗೆಯಲ್ಲಿ ಸಹಪಾಠಿಗಳೆಲ್ಲ ಇಂಟರ್ನ್‌ಶಿಪ್‌ಗೆ ಹೋಗುವಾಗ ನಮ್ಮವನು ಮನೆಯಲ್ಲಿದ್ದ. ಎಂಜಿನಿಯರಿಂಗ್ ಓದೋ ಹುಡುಗನಿಗೆ ಅದಕ್ಕಿಂತ ನೋವು ಇನ್ನೊಂದಿಲ್ಲ. 21ರವರೆಗೆ ಕಾಯದೆ ಮೊದಲೇ ಎಫ್-1ಗೆ ಬದಲಾಯಿಸೋ ವಿಚಾರವನ್ನ ಒಳ್ಳೆಯ ಇಮಿಗ್ರೇಶನ್ ವಕೀಲರ ಹತ್ತಿರ ಮಾತಾಡಿ. ಎಫ್-1 ಆದರೆ ಸಿಪಿಟಿ (ಓದಿನ ಭಾಗವಾಗಿ ಕೆಲಸ ಮಾಡೋ ಅನುಮತಿ) ಮೂಲಕ ಇಂಟರ್ನ್‌ಶಿಪ್ ದಾರಿ ತೆರೆಯುತ್ತೆ, ಪದವಿ ಮುಗಿದ ಮೇಲೆ 12 ತಿಂಗಳು ಒಪಿಟಿ ಅನ್ನೋ ಕೆಲಸದ ಅನುಮತಿ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯವಾದ್ದರಿಂದ ಇನ್ನೂ 24 ತಿಂಗಳು. ಆದರೆ ಬೇಗ ಬದಲಾಯಿಸಿದರೆ ಇನ್-ಸ್ಟೇಟ್ ಫೀಸು ಬೇಗ ಹೋಗಬಹುದು. ಈ ತಕ್ಕಡಿಯನ್ನ ನೀವೇ ತೂಗಿ ನೋಡಬೇಕು.

ಕಾಲೇಜಿನ ಸುತ್ತ ಯಾವ ಕಂಪನಿಗಳಿವೆ ಅಂತಲೂ ನೋಡಿ. ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ನಾಸಾದ ಮಾರ್ಷಲ್ ಕೇಂದ್ರ ಇದೆ, ರೆಡ್‌ಸ್ಟೋನ್ ಆರ್ಸೆನಲ್ ಅನ್ನೋ ಸೇನಾ ನೆಲೆ ಇದೆ. ಮೆಕ್ಯಾನಿಕಲ್ ಓದೋರಿಗೆ ಕಣ್ಣಿಗೆ ಹಬ್ಬ. ಆದರೆ ರಾಕೆಟ್, ರಕ್ಷಣೆಯ ಕೆಲಸಗಳಲ್ಲಿ ಬಹುಪಾಲಿಗೆ ಪೌರತ್ವ ಬೇಕು, ಕೆಲವಕ್ಕೆ ಗ್ರೀನ್ ಕಾರ್ಡಾದರೂ ಬೇಕು. ನಮ್ಮ ಮಕ್ಕಳಿಗೆ ವಾಹನ, ಯಂತ್ರೋಪಕರಣ, ಮೆಡಿಕಲ್ ಉಪಕರಣದ ಕಂಪನಿಗಳು ಹತ್ತಿರ ಇರೋ ಊರು ಹೆಚ್ಚು ಉಪಯೋಗ.


ಮಲ್ಲಿಗೆ ಮೊಗ್ಗು:

ಅಂಕಲ್, ನಾನು ಓದು ಮುಗಿಸಿ ಕೆಲಸಕ್ಕೆ ಸೇರಿದವಳು, ಮಗಳ ಕಡೆಯಿಂದ ಒಂದೆರಡು ಮಾತು. ನಾನು ಪೂರ್ತಿ ಟ್ಯೂಶನ್ ಸ್ಕಾಲರ್‌ಶಿಪ್ ಕೊಟ್ಟ, ಯಾರೂ ಅಷ್ಟಾಗಿ ಕೇಳಿರದ ಪಬ್ಲಿಕ್ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಮಾಡಿದೆ. ತರಗತಿಯಲ್ಲಿ ಮುಂದೆ ಇದ್ದಿದ್ದರಿಂದ ಎರಡನೇ ವರ್ಷದಲ್ಲೇ ಪ್ರೊಫೆಸರ್ ಲ್ಯಾಬಿಗೆ ಕರೆದರು. ದೊಡ್ಡ ಹೆಸರಿನ ಕಡೆ ಹೋದ ಗೆಳತಿಯರಿಗೆ ಅದೇ ಜಾಗಕ್ಕೆ ಸಾಲು ನಿಲ್ಲಬೇಕಿತ್ತು.

ಕೋ-ಆಪ್ ಬಗ್ಗೆ ಯಾರೂ ಹೇಳಲಿಲ್ಲ. ಒಂದು ಸೆಮಿಸ್ಟರ್ ಓದು, ಒಂದು ಸೆಮಿಸ್ಟರ್ ಕಂಪನಿಯಲ್ಲಿ ಸಂಬಳದ ಕೆಲಸ, ಈ ಪದ್ಧತಿ 1906ರಲ್ಲಿ ಸಿನ್ಸಿನಾಟಿ ಯೂನಿವರ್ಸಿಟಿಯಲ್ಲಿ ಶುರುವಾಗಿದ್ದು. ಕೋ-ಆಪ್ ಮಾಡಿದರೆ ಪದವಿ ಐದು ವರ್ಷಕ್ಕೆ ಹೋಗಬಹುದು. ಸ್ಕಾಲರ್‌ಶಿಪ್ ಕಾಗದದಲ್ಲಿ "ಎಂಟು ಸೆಮಿಸ್ಟರ್" ಅಂತ ಇದ್ದರೆ ಕೆಲಸಕ್ಕೆ ಹೋದ ಸೆಮಿಸ್ಟರ್ ಲೆಕ್ಕಕ್ಕೆ ಬರಲ್ಲ, ಒಳ್ಳೇದು. "ನಾಲ್ಕು ವರ್ಷ" ಅಂತ ಇದ್ದರೆ ಐದನೇ ವರ್ಷ ನಿಮ್ಮ ಜೇಬಿಂದ. ಯಾವುದು ಅಂತ ಓದಿ ನೋಡಿ. ಮತ್ತೆ, ಹೇಗೂ ಹೋಗಿ ಕಾಲೇಜು ನೋಡ್ತೀರಲ್ಲ, ಮಷಿನ್ ಶಾಪ್ ತೋರಿಸಿ ಅಂತ ಕೇಳಿ. ಮೊದಲ ವರ್ಷದ ಮಕ್ಕಳನ್ನ ಒಳಗೆ ಬಿಡ್ತಾರಾ, ಫಾರ್ಮುಲಾ ಎಸ್‌ಎಇ ಅಥವಾ ಬಾಹಾ (ವಿದ್ಯಾರ್ಥಿಗಳೇ ವಾಹನ ಕಟ್ಟೋ ಸ್ಪರ್ಧೆಗಳು) ತಂಡ ಇದೆಯಾ ಕೇಳಿ. ಗೇರ್‌ಬಾಕ್ಸ್ ಬಿಚ್ಚೋ ಹುಡುಗಿ ಖುಷಿಯಾಗಿದ್ದರೆ ಜಿಪಿಎ ತಾನೇ ಬರುತ್ತೆ.


ಹೇಮಾವತಿ ದಂಡೆ:

ನಿಮ್ಮೆಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಹೇಳಿದ ಹಾಗೇ ಇಮೇಲ್ ಬರೆದೆ. ಎರಡನೇ ಕಾಲೇಜಿನಿಂದ ಬೇಗ ಉತ್ತರ ಬಂತು. ಜಿಪಿಎ ನೋಡೋದು ವರ್ಷಕ್ಕೊಮ್ಮೆ, ಒಟ್ಟು ಸರಾಸರಿ. ಕೆಳಗೆ ಬಿದ್ದರೆ ಬೇಸಿಗೆಯ ಗ್ರೇಡ್ ಸೇರಿಸಿಕೊಳ್ತಾರೆ, ಆಮೇಲೂ ಒಂದು ಸೆಮಿಸ್ಟರ್ ಅವಕಾಶ ಇದೆ. ಎಂಟು ಸೆಮಿಸ್ಟರ್ ಅಂತಲೇ ಬರೆದಿದೆ. ವೀಸಾ ಬದಲಾದರೂ ಸ್ಕಾಲರ್‌ಶಿಪ್ ಮುಂದುವರಿಯುತ್ತೆ ಅಂತ ಸ್ಪಷ್ಟವಾಗಿ ತಿಳಿಸಿದ್ದಾರೆ. ಮೆಕ್ಯಾನಿಕಲ್ ಕೇಳಿದವರಲ್ಲಿ 3.0 ಮೇಲಿದ್ದವರಿಗೆ ಹೋದ ವರ್ಷ ಎಲ್ಲರಿಗೂ ಸಿಕ್ಕಿದೆಯಂತೆ.

ನಮ್ಮ ರಾಜ್ಯದ ಕಾಲೇಜು, ಎಫ್-1 ಆದರೆ ಇನ್-ಸ್ಟೇಟ್ ಫೀಸನ್ನ ಆಗ ಮತ್ತೆ ಪರಿಶೀಲಿಸ್ತೀವಿ, ಈಗ ಏನೂ ಮಾತು ಕೊಡೋಕಾಗಲ್ಲ ಅಂತು. ಕೆಟ್ಟದ್ದೇ ಆಯಿತು ಅಂದುಕೊಂಡರೆ ನಾಲ್ಕನೇ ವರ್ಷ ಹೆಚ್ಚುವರಿ 22 ಸಾವಿರ, ಒಟ್ಟು 1,83,000. ಮೂರನೇದರ ಎಚ್2ಎ ಪುಟವನ್ನ ಹೆಂಡತಿಗೇ ತೋರಿಸಿದೆ. ಓದಿ, ಆ ಫೋಲ್ಡರನ್ನ ಅವಳೇ ತೆಗೆದು ಬದಿಗಿಟ್ಟಳು. ಶನಿವಾರ ಎರಡನೇ ಕಾಲೇಜಿನ ಮಷಿನ್ ಶಾಪ್ ನೋಡೋಕೆ ಮೂವರೂ ಹೋಗ್ತಿದ್ದೀವಿ, ವಕೀಲರ ಅಪಾಯಿಂಟ್‌ಮೆಂಟ್ ಸೋಮವಾರ. ಮೇಡಮ್, ಮಗಳಿಗೆ ಎಪಿಯಲ್ಲಿ "ಕ್ಯಾಲ್ಕುಲಸ್ ಬಿ.ಸಿ." (ಕ್ಯಾಲ್ಕುಲಸ್-1, 2 ಎರಡೂ ಸೇರಿದ್ದು) ಇದೆ, "ಫಿಸಿಕ್ಸ್ ಸಿ" ಇದೆ. ಮೊದಲ ಸೆಮಿಸ್ಟರಿಗೆ ಏನು ತಗೊಳ್ಳಲಿ?


ಶರಾವತಿ ಮೇಡಮ್:

ಕೇಳಿ ಬಹಳ ಸಂತೋಷ ಆಯಿತು. ವೀಸಾ ಬಗ್ಗೆ ಅವರು ಬರೆದ ಇಮೇಲನ್ನ ಪಿಡಿಎಫ್ ಮಾಡಿ ಜೋಪಾನವಾಗಿ ಇಟ್ಟುಕೊಳ್ಳಿ, ನಾಲ್ಕನೇ ವರ್ಷದ ಹೊತ್ತಿಗೆ ಆ ಕುರ್ಚಿಯಲ್ಲಿ ಬೇರೆ ಯಾರೋ ಇರ್ತಾರೆ.

ಫಿಸಿಕ್ಸ್ ಸಿಯ ಮೆಕ್ಯಾನಿಕ್ಸ್ ಭಾಗದಲ್ಲಿ 5ಕ್ಕೆ 5 ಬಂದು, ಅವಳಿಗೇ ಧೈರ್ಯ ಇದ್ದರೆ ಫಿಸಿಕ್ಸ್ ಕ್ರೆಡಿಟ್ ತಗೊಳ್ಳಲಿ. ಕ್ಯಾಲ್ಕುಲಸ್-1 ಕ್ರೆಡಿಟ್ ತಗೊಂಡು ಕ್ಯಾಲ್ಕುಲಸ್-2ನ್ನ ಅಲ್ಲೇ ಓದಲಿ. ಅದರ ಜೊತೆ ಕೆಮಿಸ್ಟ್ರಿ, ಮೊದಲ ವರ್ಷದ ಎಂಜಿನಿಯರಿಂಗ್ ವಿಷಯ, ಒಂದು ಬರವಣಿಗೆಯ ವಿಷಯ. ಸ್ಟ್ಯಾಟಿಕ್ಸ್ ಎರಡನೇ ಸೆಮಿಸ್ಟರಿಗೆ ಇರಲಿ. ಕ್ಯಾಲ್ಕುಲಸ್ ಬಿ.ಸಿ.ಯಲ್ಲಿ 5 ಬಂದಿದ್ದರೆ ಅಡ್ವೈಸರ್ ಸೀದಾ ಕ್ಯಾಲ್ಕುಲಸ್-3ಕ್ಕೆ ಹೋಗು ಅಂತ ಹೇಳಬಹುದು. ಕ್ರೆಡಿಟ್ ಬಿಟ್ಟುಕೊಡೋಕೆ ಅಲ್ಲಿ ಅವಕಾಶ ಇದೆಯಾ, ಅದಕ್ಕೆ ಕೊನೇ ದಿನ ಯಾವುದು ಅಂತ ಓರಿಯೆಂಟೇಶನ್‌ಗೆ ಮುಂಚೆಯೇ ಕೇಳಿಕೊಳ್ಳಿ.